ಬಿಳಿ ಚುಕ್ಕೆ ಕಂಡ ಮೇಲೆ: ಕಡಲನೀರಿನ ಅಕ್ವೇರಿಯಂಗೆ ಯಾವ ಚಿಕಿತ್ಸೆ, ಯಾವಾಗ

ಒಂದು ಬೆಳಿಗ್ಗೆ ತೊಟ್ಟಿಯ ದೀಪ ಹಾಕಿದಾಗ ನನ್ನ ಪೌಡರ್ ಬ್ಲೂ ಟ್ಯಾಂಗ್ ಮೀನಿನ ಎದೆರೆಕ್ಕೆಯ ಮೇಲೆ ಮೂರು ಬಿಳಿ ಚುಕ್ಕೆಗಳಿದ್ದವು, ಸಣ್ಣ ರವೆಯ ಕಾಳಿನಷ್ಟು. ಗಾಬರಿಯಲ್ಲಿ ಬೆಳ್ಳುಳ್ಳಿ ರಸದಲ್ಲಿ ನೆನೆಸಿದ ಆಹಾರ ಹಾಕತೊಡಗಿದೆ. ನಾಲ್ಕನೆಯ ದಿನ ಚುಕ್ಕೆಗಳು ಮಾಯವಾದವು. ಗೆದ್ದೆನೆಂದು ಬೀಗಿದೆ. ಹನ್ನೊಂದನೆಯ ದಿನ ಅದೇ ಮೀನು ಮೈಮೇಲೆ ಉಪ್ಪು ಎರಚಿದಂತಾಗಿ ಕಲ್ಲಿನ ಮೂಲೆ ಸೇರಿತ್ತು. ಇನ್ನೂ ಮೂರು ಮೀನುಗಳು ಕಲ್ಲಿಗೆ ಮೈ ಉಜ್ಜಿಕೊಳ್ಳುತ್ತಿದ್ದವು.

ಚುಕ್ಕೆಗಳು ಹೋದದ್ದು ಬೆಳ್ಳುಳ್ಳಿಯ ಪ್ರತಾಪದಿಂದಲ್ಲ. ಹೊಟ್ಟೆ ತುಂಬಿದ ಪರಾವಲಂಬಿಗಳು ತಾವಾಗಿಯೇ ಮೀನನ್ನು ಬಿಟ್ಟು ಸಂತಾನ ಬೆಳೆಸಲು ಮರಳಿಗೆ ಇಳಿದಿದ್ದವು. ಮಾರುಕಟ್ಟೆಯ ಅರ್ಧಕ್ಕರ್ಧ ಔಷಧಿಗಳು ಬದುಕಿರುವುದೇ ಈ ನಾಲ್ಕೈದು ದಿನಗಳ ಬಿಡುವಿನ ಮೇಲೆ. ಬಾಟಲಿ ತಂದು ಸುರಿದವನಿಗೆ ಚುಕ್ಕೆ ಹೋದದ್ದು ಕಾಣುತ್ತದೆ, ಮರಳಿನಲ್ಲಿ ನಡೆಯುತ್ತಿರುವುದು ಕಾಣುವುದಿಲ್ಲ.

ಹಾಗಾಗಿ ಔಷಧಿಗಳನ್ನು ತೂಗುವ ಮೊದಲು ಪರಾವಲಂಬಿಯ ದಿನಚರಿಯನ್ನು ತಿಳಿಯಬೇಕು. ಯಾವ ಔಷಧಿ ಶ್ರೇಷ್ಠ ಎಂದು ಕೇಳುವವರಿಗೆ ನಾನು ಮರಳಿ ಕೇಳುವುದು ಮೂರು ವಿಷಯ: ರೋಗ ಯಾವುದು, ಮೀನು ಯಾವುದು, ಪ್ರತಿದಿನ ಅಳತೆ ನೋಡಲು ನಿಮಗೆ ಪುರುಸೊತ್ತು ಇದೆಯೇ? ಈ ಮೂರಕ್ಕೆ ಉತ್ತರ ಸಿಕ್ಕಿದರೆ ಆಯ್ಕೆಗೆ ಉಳಿಯುವುದು ಹೆಚ್ಚೆಂದರೆ ಎರಡು ದಾರಿ.

ಒಂದು ಜೀವಿಯ ದಿನಚರಿ

ಕಡಲನೀರಿನ ಇಕ್, ಅಂದರೆ ಈ ಬಿಳಿ ಚುಕ್ಕೆ ರೋಗಕ್ಕೆ ಕಾರಣವಾದ ಜೀವಿಯ ಹೆಸರು ಕ್ರಿಪ್ಟೋಕ್ಯಾರಿಯಾನ್ ಇರಿಟಾನ್ಸ್. ಮೈತುಂಬ ಸೂಕ್ಷ್ಮ ರೋಮಗಳಿರುವ ಏಕಕೋಶ ಜೀವಿ. 1930ರ ದಶಕದಲ್ಲಿ ಜಪಾನಿನಲ್ಲಿ ಇದನ್ನು ವರ್ಣಿಸಿದರು, ಈಗಿನ ಹೆಸರು ಬಂದದ್ದು 1951ರಲ್ಲಿ. ಮೀನಿನ ಮೇಲ್ಚರ್ಮದ ಅಡಿಗೆ ನುಗ್ಗಿ ಮೂರರಿಂದ ಏಳು ದಿನ ಅಲ್ಲೇ ತಿಂದು ಬೆಳೆಯುತ್ತದೆ. ನಮಗೆ ಕಾಣುವ ಬಿಳಿ ಚುಕ್ಕೆ ಇದೇ. ಆಮೇಲೆ, ಹೆಚ್ಚಾಗಿ ಕತ್ತಲೆಯ ಹೊತ್ತಿನಲ್ಲಿ, ಮೀನಿನಿಂದ ಕಳಚಿಕೊಂಡು ಕೆಲವು ಗಂಟೆ ತೆವಳಿ ಕಲ್ಲಿಗೋ ಮರಳಿಗೋ ಗಾಜಿಗೋ ಅಂಟಿಕೊಂಡು ಗಟ್ಟಿ ಗೋಡೆಯ ಕೋಶ ಕಟ್ಟಿಕೊಳ್ಳುತ್ತದೆ. ಕೋಶದೊಳಗೆ ಒಂದು ಹಲವಾಗಿ, ಕೆಲವೊಮ್ಮೆ ನೂರಾರಾಗಿ ಒಡೆಯುತ್ತದೆ. ಕೋಶ ಬಿರಿಯುವುದು ಮೂರು ದಿನಕ್ಕೂ ಆಗಬಹುದು, ನಾಲ್ಕು ವಾರಕ್ಕೂ ಆಗಬಹುದು. ತಣ್ಣೀರಿನಲ್ಲಿ ಇನ್ನೂ ತಡವಾದ ವರದಿಗಳಿವೆ. ಹೊರಬಂದ ಈಜುಮರಿಗೆ ಒಂದೆರಡು ದಿನದೊಳಗೆ ಮೀನು ಸಿಗದಿದ್ದರೆ ಅದರ ಕಥೆ ಮುಗಿಯಿತು.

ಚಿಕಿತ್ಸೆಯ ಗುಟ್ಟು ಇರುವುದು ಇಲ್ಲಿ. ಚರ್ಮದೊಳಗಿರುವಾಗ ಔಷಧಿ ಮುಟ್ಟುವುದಿಲ್ಲ, ಕೋಶದೊಳಗಿರುವಾಗಲೂ ಮುಟ್ಟುವುದಿಲ್ಲ. ಕೈಗೆ ಸಿಗುವುದು ಈಜುಮರಿ ಮಾತ್ರ. ತಾಮ್ರ ಆ ಮರಿಯನ್ನು ಕೊಲ್ಲುತ್ತದೆ. ತೊಟ್ಟಿ ಬದಲಿಸುವ ವಿಧಾನ ಮರಿ ಹುಟ್ಟುವ ಮೊದಲೇ ಮೀನನ್ನು ಬೇರೆಡೆಗೆ ಒಯ್ಯುತ್ತದೆ. ಮುಖ್ಯ ತೊಟ್ಟಿಯನ್ನು ಮೀನಿಲ್ಲದೆ ಬಿಟ್ಟರೆ ಮರಿಗಳು ಹಸಿವಿನಿಂದ ಸಾಯುತ್ತವೆ.

ಮೊದಲು ರೋಗ ಗುರುತಿಸಿ

ಇಲ್ಲಿ ಎಡವಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಅತಿ ಹೆಚ್ಚು ಮೀನುಗಳು ಸಾಯುವುದು ವೆಲ್ವೆಟ್ ರೋಗವನ್ನು ಇಕ್ ಎಂದು ಬಗೆದು ನಿಧಾನದ ಚಿಕಿತ್ಸೆ ಆರಂಭಿಸುವುದರಿಂದ ಎಂದು ನನಗೆ ಬಲವಾಗಿ ಅನಿಸುತ್ತದೆ.

ವೆಲ್ವೆಟ್‌ಗೆ ಕಾರಣ ಅಮೈಲೋಊಡಿನಿಯಂ ಒಸೆಲ್ಲೇಟಂ. ಇದು ಇಕ್‌ನ ದಾಯಾದಿಯಲ್ಲ, ಡೈನೋಫ್ಲಾಜೆಲೇಟ್ ಎಂಬ ಬೇರೆಯೇ ಬಳಗದ್ದು. ಒಂದು ಕೋಶದಿಂದ 256 ಮರಿಗಳವರೆಗೆ ಹೊರಬರಬಹುದು. ಇದು ಮೊದಲು ಕಿವಿರನ್ನು ಹಿಡಿಯುತ್ತದೆ, ಆದ್ದರಿಂದ ಚರ್ಮದ ಮೇಲೆ ಏನೂ ಕಾಣುವ ಮೊದಲೇ ಮೀನು ಸಾಯಬಹುದು. ಇಕ್ ಹಿಡಿದ ಮೀನು ಮೈ ಉಜ್ಜಿಕೊಳ್ಳುತ್ತದೆ, ಆದರೂ ಸಾಮಾನ್ಯವಾಗಿ ಊಟಕ್ಕೆ ಬರುತ್ತದೆ. ವೆಲ್ವೆಟ್ ಹಿಡಿದ ಮೀನು ಊಟ ಬಿಡುತ್ತದೆ, ಬೆಳಕಿಗೆ ಬೆನ್ನು ತಿರುಗಿಸುತ್ತದೆ, ಪಂಪಿನ ನೀರು ನುಗ್ಗುವ ಬಾಯಿಗೇ ಮುಖವೊಡ್ಡಿ ಏದುಸಿರು ಬಿಡುತ್ತದೆ. ತೊಟ್ಟಿಯ ದೀಪ ಆರಿಸಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಇಕ್ ಆದರೆ ಬಿಡಿಬಿಡಿಯಾಗಿ ಎಣಿಸಬಹುದಾದ ಹರಳುಗಳು ಕಾಣುತ್ತವೆ. ವೆಲ್ವೆಟ್ ಆದರೆ ಎಣಿಸಲಾಗದ ಹೊಂಬಣ್ಣದ ಧೂಳು, ಅರಿಸಿನ ಪುಡಿ ಊದಿದಂತೆ. ಅದು ಕಂಡಾಗ ನಿಮ್ಮ ಕೈಯಲ್ಲಿರುವುದು ದಿನಗಳಲ್ಲ, ಗಂಟೆಗಳು.

ಕ್ಲೌನ್ ಮೀನಿನ ಮೈಯಿಂದ ಬಿಳಿ ಲೋಳೆ ಪರೆಪರೆಯಾಗಿ ಕಳಚುತ್ತಿದ್ದರೆ ಬ್ರೂಕ್ಲಿನೆಲ್ಲಾ ಎಂಬ ಇನ್ನೊಂದು ಪರಾವಲಂಬಿ ಎಂದು ಸಂಶಯಿಸಿ. ಇದಕ್ಕೆ ಕೋಶದ ಹಂತವೇ ಇಲ್ಲ, ಮೀನಿನ ಮೈಮೇಲೆಯೇ ಎರಡಾಗಿ ಒಡೆದು ಹೆಚ್ಚುತ್ತದೆ. ಅದಕ್ಕೇ ಅಷ್ಟು ವೇಗ. ತಾಮ್ರಕ್ಕೆ ಇದು ಜಗ್ಗುವುದಿಲ್ಲ. ಕ್ರೋಮಿಸ್ ಮೀನಿನ ಪಕ್ಕೆಯ ಮೇಲೆ ಕೆಂಪು ಗಾಯ, ಹುರುಪೆ ಕಿತ್ತುಹೋದ ಗುರುತು ಕಂಡರೆ ಯುರೋನೀಮಾ ಇರಬಹುದು. ಇದು ಮಾಂಸದೊಳಕ್ಕೆ ಕೊರೆಯುತ್ತದೆ. ಮೀನಿಲ್ಲದಿದ್ದರೂ ಬ್ಯಾಕ್ಟೀರಿಯ ತಿಂದು ತೊಟ್ಟಿಯಲ್ಲಿ ಆರಾಮಾಗಿ ಇರಬಲ್ಲದು. ಹಳದಿ ಟ್ಯಾಂಗ್ ಮೈಮೇಲೆ ಕಾಳುಮೆಣಸಿನ ಪುಡಿ ಉದುರಿದಂತೆ ಕಪ್ಪು ಚುಕ್ಕೆಗಳಿದ್ದರೆ ಅದು ಚಪ್ಪಟೆ ಹುಳುವಿನ ಕೆಲಸ, ಇಕ್ ಅಲ್ಲ. ಕಣ್ಣು ಮಂಜಾಗಿ, ತಲೆ ಕೊಡವುತ್ತಾ, ಆಗಾಗ ಆಕಳಿಸುವ ಮೀನಿನಲ್ಲಿ ಫ್ಲೂಕ್ ಎಂಬ ಇನ್ನೊಂದು ಬಗೆಯ ಚಪ್ಪಟೆ ಹುಳು ಇರುವ ಸಾಧ್ಯತೆ ಹೆಚ್ಚು.

ರೆಕ್ಕೆಯ ಅಂಚಿನಲ್ಲಿ ಹೂಕೋಸಿನ ತುಂಡಿನಂಥ ಬಿಳಿ ಗಂಟು ಬಂದು, ವಾರವಾದರೂ ಜಾಗ ಬದಲಿಸದೆ ಅಲ್ಲೇ ಕೂತಿದ್ದರೆ ಅದು ಲಿಂಫೋಸಿಸ್ಟಿಸ್, ಒಂದು ವೈರಸ್. ಇದಕ್ಕೆ ಏನೂ ಮಾಡಬೇಡಿ. ಒಳ್ಳೆಯ ಆಹಾರ ಕೊಟ್ಟರೆ ಸಾಮಾನ್ಯವಾಗಿ ತಾನಾಗಿಯೇ ಹೋಗುತ್ತದೆ. ಇದಕ್ಕೂ ತಾಮ್ರ ಹಾಕಿ ಮೀನು ಕಳೆದುಕೊಂಡವರನ್ನು ನೋಡಿದ್ದೇನೆ.

ಮಕ್ಕಳು ಶಾಲೆಗೆ ಬಳಸುವಂಥ ಸಾಧಾರಣ ಸೂಕ್ಷ್ಮದರ್ಶಕ ಒಂದಿದ್ದರೆ ಊಹೆಯ ಕಾಟವೇ ಇಲ್ಲ. ಸತ್ತ ಮೀನಿನ ಕಿವಿರಿನ ಚೂರನ್ನು ತಡಮಾಡದೆ ಗಾಜಿನ ಮೇಲಿಟ್ಟು ನೂರು ಪಟ್ಟು ಹಿಗ್ಗಿಸಿ ನೋಡಿ. ಇಕ್ ನಿಧಾನವಾಗಿ ಉರುಳುತ್ತಿರುತ್ತದೆ. ವೆಲ್ವೆಟ್ ಕಂದುಬಣ್ಣದ ಗುಂಡಾಗಿ ಅಲುಗಾಡದೆ ಅಂಟಿರುತ್ತದೆ. ಯುರೋನೀಮಾ ಕಣ್ಣೀರಿನ ಹನಿಯ ಆಕಾರದಲ್ಲಿ ದಿಕ್ಕೆಟ್ಟು ಓಡುತ್ತದೆ.

ಚಿಕಿತ್ಸೆ ನಡೆಯುವ ಜಾಗ

ಹವಳ, ಸಿಗಡಿ, ಬಸವನಹುಳು ಇರುವ ಮುಖ್ಯ ತೊಟ್ಟಿಯಲ್ಲಿ ಔಷಧಿ ಹಾಕುವ ಮಾತೇ ಇಲ್ಲ. ತಾಮ್ರ ಅವುಗಳನ್ನು ಕೊಲ್ಲುತ್ತದೆ. ಅಷ್ಟೇ ಅಲ್ಲ, ಸುಣ್ಣದ ಕಲ್ಲು ಮತ್ತು ಮರಳು ತಾಮ್ರವನ್ನು ಹೀರಿಕೊಂಡು ಅಳತೆ ತಪ್ಪಿಸುತ್ತವೆ, ಮುಂದೆ ಎಂದೋ ಹೊರಗೆ ಬಿಡುತ್ತವೆ. ಆದ್ದರಿಂದ ಎಲ್ಲ ಮೀನುಗಳೂ, ರೋಗ ಕಂಡವೂ ಕಾಣದವೂ, ಹೊರಗೆ ಬರಬೇಕು. ಕಲ್ಲುಗಳನ್ನೆಲ್ಲ ಎತ್ತಿಡದೆ ಇದು ಆಗುವುದಿಲ್ಲ. ಬೇಸರದ ಕೆಲಸ, ಗೊತ್ತು.

ಚಿಕಿತ್ಸಾ ತೊಟ್ಟಿ ಸರಳವಾಗಿದ್ದಷ್ಟೂ ಒಳ್ಳೆಯದು. ತಳ ಬರಿದಾಗಿರಲಿ. ಅವಿತುಕೊಳ್ಳಲು ಪಿವಿಸಿ ಪೈಪಿನ ತುಂಡುಗಳು, ಒಂದು ಹೀಟರ್, ಗಾಳಿಯ ಪಂಪಿನಿಂದ ನಡೆಯುವ ಸ್ಪಂಜ್ ಫಿಲ್ಟರ್ ಸಾಕು. ಸ್ಪಂಜ್ ಮಾತ್ರ ಹೊಸದಾಗಿರಬಾರದು. ಆರೋಗ್ಯವಾಗಿರುವ ತೊಟ್ಟಿಯಲ್ಲಿ ಮೂರು ನಾಲ್ಕು ವಾರ ಇಟ್ಟು ಬ್ಯಾಕ್ಟೀರಿಯ ಬೆಳೆಸಿಕೊಂಡದ್ದಾಗಿರಬೇಕು. ಚಿಕಿತ್ಸೆಯಲ್ಲಿ ಸತ್ತ ಮೀನುಗಳ ಲೆಕ್ಕ ತೆಗೆದರೆ ಔಷಧಿಯಿಂದ ಸತ್ತವಕ್ಕಿಂತ ಅಮೋನಿಯದಿಂದ ಸತ್ತವು ಹೆಚ್ಚಿರುತ್ತವೆಂದು ನನ್ನ ಅನುಮಾನ. ಒಂದು ಅಪಾಯ ಇಲ್ಲೇ ಹೇಳಬೇಕು: ಅಮೋನಿಯವನ್ನು ನಿಷ್ಕ್ರಿಯಗೊಳಿಸುವ ದ್ರಾವಣಗಳನ್ನು ತಾಮ್ರವಿರುವ ನೀರಿಗೆ ಹಾಕಬಾರದು. ಅವುಗಳಲ್ಲಿ ಅನೇಕವು ತಾಮ್ರವನ್ನು ಇನ್ನೂ ವಿಷಕಾರಿ ರೂಪಕ್ಕೆ ತಿರುಗಿಸುತ್ತವೆ. ತಾಮ್ರವಿದ್ದಾಗ ಅಮೋನಿಯಕ್ಕೆ ಮದ್ದು ನೀರು ಬದಲಿಸುವುದೊಂದೇ, ಹೊಸ ನೀರಿಗೂ ಅದೇ ಪ್ರಮಾಣದ ತಾಮ್ರ ಬೆರೆಸಿ.

ತಾಮ್ರ

ಇಕ್ ಮತ್ತು ವೆಲ್ವೆಟ್ ಎರಡಕ್ಕೂ ನಾಟುವ, ಅಳೆಯಬಹುದಾದ, ದಶಕಗಳ ಅನುಭವವಿರುವ ಔಷಧಿ ಇದೊಂದೇ. ರೋಗ ಇಕ್ಕೋ ವೆಲ್ವೆಟ್ಟೋ ಖಚಿತವಿಲ್ಲದಾಗ ನಾನು ಕೈ ಹಾಕುವುದು ತಾಮ್ರಕ್ಕೆ.

ಆದರೆ ತಾಮ್ರದಲ್ಲಿ ಎರಡು ಜಾತಿ. ಒಂದು ನೇರ ತಾಮ್ರ, ಅಂದರೆ ಕಾಪರ್ ಸಲ್ಫೇಟಿನಂಥದು. ಇದರ ಚಿಕಿತ್ಸಾ ಪ್ರಮಾಣ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ. ಇನ್ನೊಂದು ಚೀಲೇಟೆಡ್ ತಾಮ್ರ. ಸಾವಯವ ಅಣುವೊಂದು ತಾಮ್ರವನ್ನು ಹಿಡಿದಿಟ್ಟುಕೊಂಡು ಮೆಲ್ಲಗೆ ಬಿಡುತ್ತದೆ. ಇದರ ಪ್ರಮಾಣ ಸುಮಾರು 2 ಮಿಲಿಗ್ರಾಂ, ಕೆಲವು ತಯಾರಿಕೆಗಳಲ್ಲಿ 2.5ರವರೆಗೆ. 0.2 ಎಲ್ಲಿ, 2.0 ಎಲ್ಲಿ! ದಶಮಾಂಶದ ಬಿಂದು ಒಂದು ಮನೆ ಸರಿದರೆ ಹತ್ತು ಪಟ್ಟು ವ್ಯತ್ಯಾಸ. ನೇರ ತಾಮ್ರವನ್ನು 2ಕ್ಕೆ ಏರಿಸಿದರೆ ಮೀನು ಸಾಯುತ್ತದೆ, ಚೀಲೇಟೆಡ್ ತಾಮ್ರವನ್ನು 0.2ರಲ್ಲಿ ನಿಲ್ಲಿಸಿದರೆ ಪರಾವಲಂಬಿಗೆ ಸುದ್ದಿಯೂ ತಲುಪುವುದಿಲ್ಲ. ಬಾಟಲಿಯ ಮೇಲಿರುವುದನ್ನು ಎರಡು ಸಲ ಓದಿ, ಆಮೇಲೆ ಮುಚ್ಚಳ ತೆಗೆಯಿರಿ.

ನೇರ ತಾಮ್ರದ ಹದ ಬಹಳ ಕಿರಿದು, ದಿನಕ್ಕೆ ಎರಡು ಸಲ ಅಳೆಯಬೇಕು. ಮೊದಲ ಸಲ ಮಾಡುವವರಿಗೆ ಚೀಲೇಟೆಡ್ ವಾಸಿ. ಅದು ನೀರಿನಲ್ಲಿ ಹೆಚ್ಚು ಸ್ಥಿರ, ಮೀನಿಗೂ ತುಸು ಸೌಮ್ಯ. ಅಳತೆಗೆ ಬಣ್ಣ ಹೋಲಿಸುವ ಕಾಗದದ ಕಿಟ್ ನಂಬಬೇಡಿ. ತಿಳಿನೀಲಿಗೂ ಇನ್ನೂ ತಿಳಿನೀಲಿಗೂ ಇರುವ ವ್ಯತ್ಯಾಸವನ್ನು ರಾತ್ರಿ ಹತ್ತು ಗಂಟೆಗೆ ಟ್ಯೂಬ್‌ಲೈಟ್ ಬೆಳಕಿನಲ್ಲಿ ನೋಡಿ ಮೀನಿನ ಜೀವ ನಿರ್ಧರಿಸುವುದು ನನಗಂತೂ ಆಗದು. ಡಿಜಿಟಲ್ ಕಲರಿಮೀಟರ್ ಬೇಕು, ಅದು ನೀವು ಬಳಸುವ ಜಾತಿಯ ತಾಮ್ರವನ್ನು ಓದುತ್ತದೆಯೇ ಎಂದು ಕೊಳ್ಳುವ ಮೊದಲೇ ಖಚಿತಪಡಿಸಿಕೊಳ್ಳಿ.

ಪ್ರಮಾಣವನ್ನು ಎರಡರಿಂದ ನಾಲ್ಕು ದಿನದಲ್ಲಿ ಮೆಲ್ಲಗೆ ಏರಿಸಿ. ವೆಲ್ವೆಟ್ ಆದರೆ ಅಷ್ಟು ಕಾಯಲಾಗದು, ಒಂದೇ ದಿನದಲ್ಲಿ ಮುಟ್ಟಿಸಬೇಕಾಗುತ್ತದೆ. ಒಂದೇ ತೊಟ್ಟಿಯಲ್ಲಿ ಮಾಡುವುದಾದರೆ ಪೂರ್ಣ ಪ್ರಮಾಣ ಮುಟ್ಟಿದ ದಿನದಿಂದ 30 ದಿನ. ನಡುವೆ ಒಂದು ದಿನ ಮಟ್ಟ ಕೆಳಗಿಳಿದರೂ ಲೆಕ್ಕ ಮತ್ತೆ ಒಂದರಿಂದ. ಹದಿನಾಲ್ಕು ದಿನ ತಾಮ್ರದಲ್ಲಿಟ್ಟು ಆಮೇಲೆ ಪೂರ್ತಿ ಬೇರೆಯಾದ ಶುದ್ಧ ತೊಟ್ಟಿಗೆ ದಾಟಿಸುವುದೂ ಉಂಟು. ಹದಿನಾಲ್ಕು ದಿನದಲ್ಲಿ ಮೀನಿನ ಮೈಮೇಲಿನದೆಲ್ಲ ಉದುರಿರುತ್ತದೆ, ಹೊಸದು ಹತ್ತಿರುವುದಿಲ್ಲ. ಉಳಿದ ಕೋಶಗಳು ಹಳೆಯ ತೊಟ್ಟಿಯಲ್ಲೇ ಉಳಿಯುತ್ತವೆ. ಎರಡನೆಯ ತೊಟ್ಟಿ ಇದ್ದವರಿಗೆ ಇದೇ ಒಳ್ಳೆಯದು, ಮೀನು ತಾಮ್ರದಲ್ಲಿರುವ ಕಾಲ ಅರ್ಧಕ್ಕಿಳಿಯುತ್ತದೆ.

ತಾಮ್ರ ಎಲ್ಲ ಮೀನುಗಳಿಗೂ ಹಿತವಲ್ಲ. ಹುರುಪೆಯಿಲ್ಲದ ಅಥವಾ ಹುರುಪೆ ತೆಳುವಾದ ಪಫರ್, ಲಯನ್ ಮೀನು, ಮ್ಯಾಂಡರಿನ್, ಚಿಕ್ಕ ಏಂಜೆಲ್ ಮೀನುಗಳು, ಕೆಲವು ರಾಸ್ ಮೀನುಗಳು ಇದರಲ್ಲಿ ಊಟ ಬಿಟ್ಟು ಸೊರಗುತ್ತವೆ. ಶಾರ್ಕ್ ಮತ್ತು ರೇ ಜಾತಿಗಳಿಗೆ ತಾಮ್ರ ಕೊಡಲೇಬಾರದು. ಟ್ಯಾಂಗ್, ಕ್ಲೌನ್, ಡ್ಯಾಮ್ಸೆಲ್ ಮೀನುಗಳು ಚೆನ್ನಾಗಿ ತಾಳಿಕೊಳ್ಳುತ್ತವೆ.

ತೊಟ್ಟಿ ಬದಲಿಸುವ ವಿಧಾನ

ಔಷಧಿಯೇ ಇಲ್ಲದ ಚಿಕಿತ್ಸೆ. 1980ರ ದಶಕದಲ್ಲಿ ಇಸ್ರೇಲಿನ ಆಂಜೆಲೊ ಕೊಲೊರ್ನಿ ಕ್ರಿಪ್ಟೋಕ್ಯಾರಿಯಾನ್‌ನ ಜೀವನಚಕ್ರವನ್ನು ಬಿಡಿಸಿಟ್ಟ ಕೆಲಸ ಇದಕ್ಕೆ ಬುನಾದಿ. ಮೀನಿನಿಂದ ಉದುರಿದ ಪರಾವಲಂಬಿ ಕೋಶ ಕಟ್ಟಿ ಮರಿ ಬಿಡಲು ಕಡಿಮೆಯೆಂದರೂ ಮೂರು ದಿನ ಬೇಕು. ಹಾಗಾದರೆ ಮೂರು ದಿನ ತುಂಬುವುದರೊಳಗೆ ಮೀನನ್ನು ಎತ್ತಿ ಹೊಸ ನೀರಿನ ಹೊಸ ತೊಟ್ಟಿಗೆ ಹಾಕಿದರೆ? ಉದುರಿದ್ದು ಹಿಂದೆ ಉಳಿಯಿತು. 72 ಗಂಟೆಗೊಮ್ಮೆ ನಾಲ್ಕು ಸಲ ಹೀಗೆ ದಾಟಿಸಿದರೆ ಹನ್ನೆರಡನೆಯ ದಿನಕ್ಕೆ ಮೈಮೇಲೆ ಏನೂ ಉಳಿದಿರುವುದಿಲ್ಲ.

ಬೇಕಾಗುವುದು ಎರಡೇ ತೊಟ್ಟಿ, ಸರದಿಯಲ್ಲಿ. ಒಂದರಲ್ಲಿ ಮೀನಿರುವಾಗ ಇನ್ನೊಂದನ್ನು ಬ್ಲೀಚಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ತೊಟ್ಟಿ ಮಾತ್ರವಲ್ಲ, ಹೀಟರ್, ಗಾಳಿಯ ಕೊಳವೆ, ಪೈಪಿನ ತುಂಡು, ಬಲೆ ಎಲ್ಲವೂ ಎರಡೆರಡು. ದಾಟಿಸುವಾಗ ಹಳೆಯ ನೀರು ಆದಷ್ಟು ಕಡಿಮೆ ಬರಲಿ. ಬೆಳಿಗ್ಗೆ ದಾಟಿಸುವುದು ಲೇಸು, ಏಕೆಂದರೆ ರಾತ್ರಿ ಉದುರುವುದು ಅಷ್ಟರಲ್ಲಿ ಉದುರಿರುತ್ತದೆ. ಪ್ರತಿ ಮೂರು ದಿನಕ್ಕೊಮ್ಮೆ ನೀರೆಲ್ಲ ಹೊಸದಾಗುವುದರಿಂದ ಅಮೋನಿಯದ ಕಾಟವೂ ಕಡಿಮೆ. ಇಲ್ಲಿ ತಾಮ್ರವಿಲ್ಲದ ಕಾರಣ ಅಮೋನಿಯ ನಿವಾರಕ ಹಾಕಲು ಅಡ್ಡಿಯಿಲ್ಲ.

ನನಗೆ ಇಷ್ಟವಾದ ವಿಧಾನ ಇದೇ, ಮ್ಯಾಂಡರಿನ್‌ನಂಥ ಸೂಕ್ಷ್ಮ ಮೀನುಗಳಿಗಂತೂ ಮೊದಲ ಆಯ್ಕೆ. ಆದರೆ ಇದು ಇಕ್‌ಗೆ ಮಾತ್ರ. ವೆಲ್ವೆಟ್, ಬ್ರೂಕ್ಲಿನೆಲ್ಲಾ, ಫ್ಲೂಕ್ ಯಾವುದಕ್ಕೂ ಇದೊಂದೇ ಸಾಲದು. ದೊಡ್ಡ ಮೀನುಗಳು ಐದಾರಿದ್ದರೆ ನೂರಾರು ಲೀಟರ್ ಉಪ್ಪುನೀರನ್ನು ಮೂರು ದಿನಕ್ಕೊಮ್ಮೆ ತಯಾರಿಸಿ ಸೊಂಟ ಬಿದ್ದುಹೋಗುತ್ತದೆ. ಗಡುವು ತಪ್ಪಿಸುವ ಹಾಗೂ ಇಲ್ಲ. 80 ಗಂಟೆಯಾಗಿಬಿಟ್ಟರೆ ಹಿಂದಿನ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

ಉಪ್ಪು ಇಳಿಸುವುದು

ಕಡಲನೀರಿನ ಸಾಪೇಕ್ಷ ಸಾಂದ್ರತೆ ಸುಮಾರು 1.025. ಅದನ್ನು 48 ಗಂಟೆಗಳಲ್ಲಿ ಹಂತಹಂತವಾಗಿ 1.009ಕ್ಕೆ ಇಳಿಸಿ 30 ದಿನ ಹಾಗೆಯೇ ಇಟ್ಟರೆ ಇಕ್ ಸಂತಾನ ಬೆಳೆಸಲಾಗದೆ ನಾಶವಾಗುತ್ತದೆ. ಮೀನಿಗೆ ಇದರಿಂದ ತೊಂದರೆಗಿಂತ ಅನುಕೂಲವೇ ಹೆಚ್ಚು. ಅದರ ರಕ್ತದ ಉಪ್ಪಿನಂಶ ಕಡಲನೀರಿಗಿಂತ ಎಷ್ಟೋ ಕಡಿಮೆ. ಹೊರಗಿನ ನೀರೂ ಆ ಮಟ್ಟಕ್ಕೆ ಹತ್ತಿರವಾದಾಗ ಉಪ್ಪನ್ನು ಹೊರಹಾಕಲು ಅದು ಪಡುವ ಪಾಡು ತಗ್ಗುತ್ತದೆ. ಓದಲು ಎಷ್ಟು ಚೆನ್ನಾಗಿದೆ!

ಮಾಡಲು ಹೋದಾಗ ಗೊತ್ತಾಗುವುದು, 1.009 ಎಂದರೆ 1.009ಯೇ. ದಿನವೂ ನೀರು ಆವಿಯಾದಂತೆ ಉಪ್ಪಿನಂಶ ಏರುತ್ತದೆ. ಒಂದು ದಿನ ಮೈಮರೆತು 1.012 ಆದರೆ ಕೋಶಕ್ಕೆ ಜೀವ ಬರುತ್ತದೆ, ಲೆಕ್ಕ ಮತ್ತೆ ಮೊದಲಿನಿಂದ. ತೇಲುವ ಪ್ಲಾಸ್ಟಿಕ್ ಹೈಡ್ರೋಮೀಟರ್ ನೆಚ್ಚಿಕೊಂಡರೆ ಕೆಟ್ಟಿರಿ. ಗುಣಮಟ್ಟದ ರಿಫ್ರಾಕ್ಟೋಮೀಟರ್ ಬೇಕು, ಅದನ್ನು ಅಳತೆಯ ದ್ರಾವಣದಿಂದ ಆಗಾಗ ಸರಿಪಡಿಸಿಕೊಳ್ಳಬೇಕು. ನೀರಿನ ಕ್ಷಾರ ಗುಣವೂ ಕುಸಿಯುವುದರಿಂದ ಪಿಎಚ್ ಮೇಲೆ ಕಣ್ಣಿರಬೇಕು. ಮುಗಿದ ಮೇಲೆ ಉಪ್ಪನ್ನು ಏರಿಸುವುದು ಇಳಿಸಿದ್ದಕ್ಕಿಂತ ನಿಧಾನವಾಗಿ, ಒಂದು ವಾರಕ್ಕೂ ಹೆಚ್ಚು ಕಾಲದಲ್ಲಿ. ಇಳಿಯುವುದನ್ನು ಸಹಿಸುವ ಮೀನು ದಿಢೀರನೆ ಏರುವುದನ್ನು ಸಹಿಸುವುದಿಲ್ಲ.

ಹಲವರು ಇದನ್ನು ಮೊದಲ ಆಯ್ಕೆ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ವೆಲ್ವೆಟ್ ಜೀವಿ ಈ ಉಪ್ಪಿನಂಶದಲ್ಲಿ ನೆಮ್ಮದಿಯಾಗಿ ಬದುಕುತ್ತದೆ, ಕಡಿಮೆ ಉಪ್ಪಿಗೆ ಒಗ್ಗಿಕೊಂಡ ಇಕ್ ತಳಿಗಳೂ ವರದಿಯಾಗಿವೆ. ರೋಗ ಗುರುತಿಸುವುದರಲ್ಲಿ ಸಣ್ಣ ಸಂಶಯವಿದ್ದರೂ ಉಪ್ಪು ಇಳಿಸುವುದು ಜೂಜು. ಖಚಿತವಾಗಿ ಇಕ್ ಆಗಿದ್ದು, ಮೀನು ತಾಮ್ರ ತಾಳದ ಪಫರ್ ಅಥವಾ ಲಯನ್ ಆಗಿದ್ದು, ತೊಟ್ಟಿ ಬದಲಿಸಲು ಅದು ತೀರಾ ದೊಡ್ಡದಾಗಿದ್ದರೆ ಇದಕ್ಕೆ ಅರ್ಥವಿದೆ.

ಕ್ಲೋರೋಕ್ವಿನ್ ಫಾಸ್ಫೇಟ್

ಮಲೇರಿಯಾ ಮಾತ್ರೆಯ ಮದ್ದೇ ಇದು. ಲೀಟರಿಗೆ 10ರಿಂದ 15 ಮಿಲಿಗ್ರಾಂ ಒಮ್ಮೆ ಹಾಕಿದರೆ ಇಕ್, ವೆಲ್ವೆಟ್ ಎರಡಕ್ಕೂ ನಾಟುತ್ತದೆ. ತಾಮ್ರದಂತೆ ಅನೇಕ ಮೀನುಗಳ ಹಸಿವು ಕೆಡಿಸುವುದಿಲ್ಲ, ಸೂಕ್ಷ್ಮ ಏಂಜೆಲ್ ಮೀನುಗಳಿಗೆ ಒಗ್ಗುತ್ತದೆ. ರಾಸ್ ಮೀನುಗಳಿಗೆ ಮಾತ್ರ ಬೇಡ. ತೊಡಕೆಂದರೆ ನೀರಿನಲ್ಲಿ ಎಷ್ಟು ಉಳಿದಿದೆ ಎಂದು ಮನೆಯಲ್ಲಿ ಅಳೆಯುವ ಕಿಟ್ ಇಲ್ಲ. ಬೆಳಕಿಗೆ ಕೆಡುತ್ತದೆ, ಫಿಲ್ಟರಿನ ಬ್ಯಾಕ್ಟೀರಿಯಗಳು ತಿಂದುಹಾಕುವುದೂ ಉಂಟು. ಅಳೆಯಲಾಗದ ಔಷಧಿಯನ್ನು ನಂಬಿ ಮೂವತ್ತು ದಿನ ಕಾಯಲು ನನಗೆ ಧೈರ್ಯ ಸಾಲದು. ಶುದ್ಧವಾದದ್ದು ಹಲವು ದೇಶಗಳಲ್ಲಿ ವೈದ್ಯರ ಚೀಟಿಯಿಲ್ಲದೆ ಸಿಗುವುದೂ ಇಲ್ಲ. ಸಿಕ್ಕರೆ ಬೀಗ ಹಾಕಿಡಿ. 2020ರ ಮಾರ್ಚ್‌ನಲ್ಲಿ ಅಮೆರಿಕದ ಅರಿಜೋನಾದಲ್ಲಿ ಮೀನಿನ ತೊಟ್ಟಿಗೆಂದು ಇದ್ದ ಇದೇ ರಾಸಾಯನಿಕವನ್ನು ಕೋವಿಡ್‌ಗೆ ಮದ್ದೆಂದು ನುಂಗಿ ಒಬ್ಬರು ಜೀವ ಕಳೆದುಕೊಂಡರು.

ಅಲ್ಪಕಾಲದ ಸ್ನಾನಗಳು

ಬ್ರೂಕ್ಲಿನೆಲ್ಲಾಕ್ಕೆ ಫಾರ್ಮಾಲಿನ್, ಅಂದರೆ ಫಾರ್ಮಾಲ್ಡಿಹೈಡ್ ಕರಗಿದ ನೀರು, ಹಳೆಯ, ನೆಚ್ಚಬಹುದಾದ ಮದ್ದು. ಬೇರೆ ಬಕೆಟ್ಟಿನಲ್ಲಿ ತಯಾರಕರು ಹೇಳಿದ ಪ್ರಮಾಣದಲ್ಲಿ 45 ನಿಮಿಷದಿಂದ ಒಂದು ಗಂಟೆ, ಗಾಳಿ ಬಿಡುತ್ತಲೇ ಇರಬೇಕು, ಏಕೆಂದರೆ ಅದು ನೀರಿನ ಆಮ್ಲಜನಕವನ್ನು ಹೀರುತ್ತದೆ. ಬಾಟಲಿಯ ತಳದಲ್ಲಿ ಬಿಳಿ ಗಸಿ ಕಟ್ಟಿದ್ದರೆ ಬಳಸಬೇಡಿ, ಅದು ಮೀನಿಗೆ ಇನ್ನೂ ಹೆಚ್ಚಿನ ವಿಷ. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿಯೇ ತೀರ್ಮಾನಿಸಿದೆ. ಕಿಟಕಿ ತೆರೆದು, ಕೈಗವಸು ಹಾಕಿಕೊಂಡು ಮಾಡುವ ಕೆಲಸ ಇದು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ನಾನು ಇದನ್ನು ಒಳಗೇ ತರುವುದಿಲ್ಲ.

ಹೈಡ್ರೋಜನ್ ಪೆರಾಕ್ಸೈಡ್ ಸ್ನಾನ ವೆಲ್ವೆಟ್ ಹಿಡಿದ ಮೀನಿಗೆ ತಾಮ್ರ ಏರುವವರೆಗೆ ಉಸಿರು ಉಳಿಸಿಕೊಡುತ್ತದೆ. ಸಿಹಿನೀರಿನ ಸ್ನಾನವೂ ಅದೇ ಕೆಲಸ ಸ್ವಲ್ಪಮಟ್ಟಿಗೆ ಮಾಡುತ್ತದೆ. ಎರಡೂ ತಾತ್ಕಾಲಿಕ ಉಪಶಮನ, ಗುಣಪಡಿಸುವ ಚಿಕಿತ್ಸೆಗಳಲ್ಲ.

ಸಿಹಿನೀರಿನ ಸ್ನಾನಕ್ಕೆ ಇನ್ನೊಂದು ಉಪಯೋಗವಿದೆ, ಅದನ್ನು ಒಮ್ಮೆ ಕಣ್ಣಾರೆ ನೋಡಬೇಕು. ಕಪ್ಪು ಬಕೆಟ್ಟಿನಲ್ಲಿ ಶುದ್ಧ ಸಿಹಿನೀರು ತೆಗೆದುಕೊಂಡು, ಅಡುಗೆ ಸೋಡದಿಂದ ಪಿಎಚ್ ಸರಿದೂಗಿಸಿ, ಉಷ್ಣತೆಯನ್ನು ತೊಟ್ಟಿಯಷ್ಟೇ ಮಾಡಿ, ಅರ್ಧ ಗಂಟೆ ಗಾಳಿ ಬಿಟ್ಟೆ. ಮಂಜುಗಣ್ಣಿನ ಏಂಜೆಲ್ ಮೀನನ್ನು ಅದರೊಳಗೆ ಇಳಿಸಿದೆ. ಒಂದು ನಿಮಿಷ ಅದು ಪಕ್ಕಕ್ಕೆ ಮಲಗಿತು, ನನ್ನ ಎದೆ ಹೊಡೆದುಕೊಂಡಿತು. ಎರಡನೆಯ ನಿಮಿಷದಲ್ಲಿ ಅದರ ಕಣ್ಣಿನ ಮೇಲೆ, ಹಣೆಯ ಮೇಲೆ, ಅಲ್ಲಿಯವರೆಗೆ ಗಾಜಿನಂತೆ ಪಾರದರ್ಶಕವಾಗಿದ್ದು ಕಾಣದಿದ್ದ ಹುಳುಗಳು ಬೆಳ್ಳಗಾಗತೊಡಗಿದವು. ಐದನೆಯ ನಿಮಿಷಕ್ಕೆ ಬಕೆಟ್ಟಿನ ತಳದಲ್ಲಿ ಎಳ್ಳು ಚೆಲ್ಲಿದಂತಿತ್ತು. ಎಣಿಸಿದೆ, ಇಪ್ಪತ್ತಮೂರು. ಅಷ್ಟು ದಿನ ಆ ಮೀನಿಗೆ ಕಣ್ಣಿನ ಸೋಂಕೆಂದು ಆಂಟಿಬಯಾಟಿಕ್ ಕೊಡುತ್ತಿದ್ದೆ.

ಫ್ಲೂಕ್‌ಗೆ ಪೂರ್ಣ ಚಿಕಿತ್ಸೆ ಪ್ರಾಜಿಕ್ವಾಂಟೆಲ್, ಲೀಟರಿಗೆ 2.5 ಮಿಲಿಗ್ರಾಂ. ಮೊಟ್ಟೆಗಳಿಗೆ ಇದು ತಾಗುವುದಿಲ್ಲವಾದ್ದರಿಂದ ಐದರಿಂದ ಏಳು ದಿನದಲ್ಲಿ ಮತ್ತೊಂದು ಸಲ, ಹಠಮಾರಿ ಹುಳುವಾದರೆ ಮೂರನೆಯ ಸಲವೂ ಬೇಕಾಗುತ್ತದೆ. ನೀರಿನಲ್ಲಿ ಕರಗಲು ಮೊಂಡಾಟ ಮಾಡುವ ಪುಡಿ. ಹಾಕಿದ ಮೇಲೆ ಬ್ಯಾಕ್ಟೀರಿಯ ಹೆಚ್ಚಿ ನೀರು ಮಂಜಾಗಬಹುದು, ಗಾಳಿ ಹೆಚ್ಚಿಸಿ. ಯುರೋನೀಮಾ ಮಾಂಸದೊಳಗೆ ಹೊಕ್ಕ ಮೇಲೆ ಉಳಿಯುವ ಮೀನುಗಳು ಕಡಿಮೆ. ಫಾರ್ಮಾಲಿನ್ ಸ್ನಾನದ ಜೊತೆಗೆ ಆಹಾರದಲ್ಲಿ ಮೆಟ್ರೊನಿಡಜೋಲ್ ಬೆರೆಸಿ ನೋಡಬಹುದು.

ರೀಫ್ ಸೇಫ್ ಎಂಬ ಬಾಟಲಿಗಳು

ಹವಳವಿರುವ ತೊಟ್ಟಿಗೂ ಹಾನಿಯಿಲ್ಲವೆಂದು ಮಾರುವ ಇವುಗಳಲ್ಲಿರುವುದು ಶುಂಠಿ, ಮೆಣಸು, ಬೆಳ್ಳುಳ್ಳಿ, ಗಿಡಮೂಲಿಕೆ. ಈಜುಮರಿಯನ್ನು ಕೊಲ್ಲುವಷ್ಟು ಖಾರವಾದದ್ದು ಸಿಗಡಿಯನ್ನು ಬಿಡುವುದು ಕಷ್ಟ. ಸಿಗಡಿಗೆ ಏನೂ ಆಗಲಿಲ್ಲವೆಂದರೆ ಮರಿಗೂ ಏನೂ ಆಗಿಲ್ಲವೆಂದು ತಿಳಿಯಿರಿ. ಕ್ಲೀನರ್ ಸಿಗಡಿ ಚರ್ಮದ ಅಡಿಯ ಇಕ್ ಅನ್ನು ಕಿತ್ತು ತಿನ್ನುವುದಿಲ್ಲ. ಯುವಿ ದೀಪ ತನ್ನ ಕೊಳವೆಯ ಮೂಲಕ ಹಾದುಹೋದ ಮರಿಯನ್ನು ಕೊಲ್ಲುತ್ತದೆ, ಹಾದುಹೋಗದ್ದನ್ನಲ್ಲ.

ಹಾಗೆಂದು ಯುವಿಯನ್ನು ತಳ್ಳಿಹಾಕುವುದಿಲ್ಲ. ಸಾವಿರ ಲೀಟರಿನ ರೀಫ್ ತೊಟ್ಟಿ, ಹದಿನೈದು ಮೀನು, ಕಲ್ಲು ಎತ್ತಿದರೆ ವರ್ಷಗಳ ಹವಳ ಮುರಿಯುತ್ತದೆ ಎಂಬ ಸ್ಥಿತಿಯಲ್ಲಿ ಕೆಲವರು ಇಕ್ ಜೊತೆಗೇ ಬಾಳುವ ದಾರಿ ಹಿಡಿಯುತ್ತಾರೆ: ಯುವಿ, ಸಮೃದ್ಧ ಆಹಾರ, ಜಗಳಗಂಟಿ ಮೀನು ಇಲ್ಲದ ನೆಮ್ಮದಿ. ಒಮ್ಮೆ ಇಕ್ ಬಂದು ಬದುಕುಳಿದ ಮೀನುಗಳಿಗೆ ಕೆಲವು ತಿಂಗಳು ಭಾಗಶಃ ರೋಗನಿರೋಧ ಶಕ್ತಿ ಬರುವುದೂ ನಿಜ. ಹೀಟರ್ ಕೆಟ್ಟ ದಿನ, ಹೊಸ ಟ್ಯಾಂಗ್ ತಂದ ದಿನ ಹಳೆಯ ಸಾಲ ಬಡ್ಡಿ ಸಮೇತ ಬಾಗಿಲು ತಟ್ಟುತ್ತದೆ ಎಂಬುದನ್ನು ಒಪ್ಪಿಕೊಂಡೇ ಈ ದಾರಿಗೆ ಇಳಿಯಬೇಕು. ವೆಲ್ವೆಟ್ ಜೊತೆ ಇಂಥ ಬಾಳುವೆ ಸಾಧ್ಯವೇ ಇಲ್ಲ.

ನಾನಾಗಿದ್ದರೆ

ಏದುಸಿರು, ಹೊಂಬಣ್ಣದ ಧೂಳು, ಊಟ ಬಿಟ್ಟದ್ದು ಕಂಡರೆ ಯೋಚಿಸುತ್ತಾ ಕೂರದೆ ಅದೇ ಸಂಜೆ ಸಿಹಿನೀರಿನ ಅಥವಾ ಪೆರಾಕ್ಸೈಡ್ ಸ್ನಾನ ಮಾಡಿಸಿ ತಾಮ್ರಕ್ಕೆ ಇಳಿಸುತ್ತೇನೆ. ತಾಮ್ರ ತಾಳದ ಏಂಜೆಲ್ ಆದರೆ ಮಾತ್ರ ಕ್ಲೋರೋಕ್ವಿನ್. ಎಣಿಸಬಹುದಾದ ಚುಕ್ಕೆಗಳಿದ್ದು ಮೀನು ಉಣ್ಣುತ್ತಿದ್ದರೆ, ಒಂದೆರಡು ಚಿಕ್ಕ ಮೀನಿಗೆ ತೊಟ್ಟಿ ಬದಲಿಸುವುದು, ಗುಂಪಿಗೆ ಚೀಲೇಟೆಡ್ ತಾಮ್ರ. ಹೊಸದಾಗಿ ತಂದ ಮೀನಿಗೆ ಏನೂ ಕಾಣದಿದ್ದರೂ ಪ್ರತ್ಯೇಕ ತೊಟ್ಟಿಯಲ್ಲಿ ತಾಮ್ರ, ಅದು ಮುಗಿದ ಮೇಲೆ ಪ್ರಾಜಿಕ್ವಾಂಟೆಲ್. ಆ ಪ್ರತ್ಯೇಕ ತೊಟ್ಟಿ ಮುಖ್ಯ ತೊಟ್ಟಿಯಿಂದ ಕನಿಷ್ಠ ಮೂರು ಮೀಟರ್ ದೂರವಿರಲಿ. ವೆಲ್ವೆಟ್ ಗಾಳಿಗುಳ್ಳೆ ಒಡೆದು ಸಿಡಿದ ಹನಿಗಳಲ್ಲಿಯೂ ದಾಟುತ್ತದೆ.

ಮೀನುಗಳು ಹೊರಗೆ ಚಿಕಿತ್ಸೆ ಪಡೆಯುವಾಗ ಮುಖ್ಯ ತೊಟ್ಟಿ ಮೀನಿಲ್ಲದೆ ಇರಬೇಕು. ವೆಲ್ವೆಟ್‌ಗೆ ಆರು ವಾರ. ಇಕ್‌ಗೆ ಹಿಂದೆ 76 ದಿನ ಎನ್ನುತ್ತಿದ್ದರು, ಕೋಶ 72 ದಿನ ಉಳಿದ ವರದಿಯ ಮೇಲೆ ನಾಲ್ಕು ದಿನ ಸೇರಿಸಿ. ಈಗ ನೀರನ್ನು 27 ಡಿಗ್ರಿಯಲ್ಲಿಟ್ಟು 45 ದಿನ ಸಾಕೆನ್ನುವವರು ಹೆಚ್ಚು, ಬೆಚ್ಚಗಿನ ನೀರಿನಲ್ಲಿ ಕೋಶ ಬೇಗ ಬಿರಿಯುತ್ತದೆಂಬ ಲೆಕ್ಕದ ಮೇಲೆ. ಈ ಅವಧಿಯಲ್ಲಿ ಸಿಗಡಿ, ಹವಳಗಳಿಗೆ ಎಂದಿನಂತೆ ಆಹಾರ ಕೊಡಬೇಕು, ಬೇರೆ ತೊಟ್ಟಿಯ ಬಲೆಯಾಗಲಿ ಒದ್ದೆ ಕೈಯಾಗಲಿ ಒಳಗೆ ಹೋಗಬಾರದು, ಹೊಸ ಹವಳದ ತುಂಡೂ ಬೇಡ, ಕೋಶಗಳು ಅದರ ಕಲ್ಲಿಗೆ ಅಂಟಿ ಬರುತ್ತವೆ.

ನಾನು ಆ ಸಲ 76ರ ಲೆಕ್ಕವನ್ನೇ ಹಿಡಿದು ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಹಾಕುತ್ತಿದ್ದೆ. ಇಪ್ಪತ್ತೊಂದನೆಯ ಗೀಟು ಹಾಕಿದ ರಾತ್ರಿ ಸಿಗಡಿಗೆಂದು ಆಹಾರ ಬಿಟ್ಟಾಗ, ಕಲ್ಲಿನ ಬಿಲದಿಂದ ಕಿರುಬೆರಳಷ್ಟು ಉದ್ದದ ಗೋಬಿ ಮೀನೊಂದು ಹೊರಗೆ ಬಂದು ತುಣುಕೊಂದನ್ನು ಕಚ್ಚಿಕೊಂಡು ಒಳಗೆ ಹೋಯಿತು. ಸತ್ತುಹೋಗಿದೆ ಎಂದುಕೊಂಡಿದ್ದ ಮೀನು ಅದು. ಅದನ್ನು ಹಿಡಿಯಲು ನಾಲ್ಕು ರಾತ್ರಿ ಬೇಕಾಯಿತು. ಐದನೆಯ ಬೆಳಿಗ್ಗೆ ಕ್ಯಾಲೆಂಡರಿನ ಗೀಟುಗಳನ್ನೆಲ್ಲ ಹೊಡೆದುಹಾಕಿ ಒಂದು ಎಂದು ಬರೆದೆ.